ಚಿಟ್ಟೆಯ ಅಂಚಿನ ಕಪ್ಪು ಉಂಗುರ

ಕೊಚಬಾಂಬ
8 ಆಗಸ್ಟ್ 2012

ಪ್ರೀತಿಯ ಕಂಪಾದ್ರೆ ಅನ್ಸೆಲ್ಮೊ,

ಓರುರೊದ ಚಳಿಯಲ್ಲಿ ನೀನೂ ನಿನ್ನ ಮನೆಯವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಕೆಲಸ ಹೆಚ್ಚಿತ್ತು ಎಂದರೆ ಸುಳ್ಳಾಗುತ್ತದೆ. ಜ್ಞಾನಸ್ನಾನದ ದಿನ ನೀನು ಧರ್ಮತಂದೆಯಾಗಿ ಎತ್ತಿಕೊಂಡು ನಿಂತು ನನಗೆ ಕಂಪಾದ್ರೆಯಾದೆಯಲ್ಲ, ಆ ನನ್ನ ಮಗಳು ಎಲ್ವೀರಾ ಈ ವರ್ಷ ಶಾಲೆ ಮುಗಿಸುತ್ತಾಳೆ. "ಪದ್ರಿನೊ ಯಾಕೆ ಬರೋದೇ ಇಲ್ಲ?" ಎಂದು ಕೇಳುತ್ತಿರುತ್ತಾಳೆ.

ಸೋಮವಾರ ದೋನ್ಯಾ ಸಬೀನಾ ತನ್ನ ಬಾಡಿಗೆ ಕಾರನ್ನು ನಮ್ಮ ರಿಪೇರಿ ಅಂಗಡಿಗೆ ತಂದಳು. ಪೆಡಲ್ ಒತ್ತಿದರೆ ಮೊದಲು ಕದಲುವುದಿಲ್ಲ, ಜೋರಾಗಿ ಒತ್ತಿದರೆ ಕಾರು ಒಮ್ಮೆಲೇ ನೆಗೆಯುತ್ತದೆ ಎಂದಳು. ಥ್ರಾಟಲ್ ಬಾಡಿ ಬಿಚ್ಚಿ, ಒಳಗೆ ಗಾಳಿಯನ್ನು ತಡೆಯುವ ತಟ್ಟೆಯನ್ನು, ಅಂದರೆ ನಮ್ಮ ಚಿಟ್ಟೆಯನ್ನು, ಮುಚ್ಚಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೆಳಕು ಸೋರುತ್ತಿತ್ತು. ಬೆರಳಿನಿಂದ ತಳ್ಳಿದಾಗ ಕಚ್ಚಿಕೊಂಡು ನಿಂತು, ಆಮೇಲೆ ಟಕ್ಕೆಂದು ಬಿಟ್ಟಿತು. ಸಂದು ಮುಚ್ಚಲೆಂದು, ತಟ್ಟೆ ಕಚ್ಚಿಕೊಳ್ಳಬಾರದೆಂದು ಕಾರ್ಖಾನೆಯಲ್ಲೇ ಅಂಚಿಗೆ ಉಂಗುರದಂತೆ ಬಳಿದಿದ್ದ ಕಪ್ಪು ಲೇಪ ಉಜ್ಜಿಹೋಗಿತ್ತು.

"ಇದನ್ನ ಯಾರಮ್ಮ ಕ್ಲೀನ್ ಮಾಡಿದ್ದು?"

"ನನ್ನ ಅಳಿಯ. ಪಾತ್ರೆ ತಿಕ್ಕೋ ಉಕ್ಕಿನ ನಾರು ತಗೊಂಡು ತಿಕ್ಕಿದ. ಕನ್ನಡಿ ಥರ ಹೊಳೀತಿದೆ ಅಂತ ಹೆಮ್ಮೆ ಬೇರೆ. ಮೇಸ್ತ್ರಿ, ಬೇಗ ಆಗುತ್ತಾ, ಇಲ್ಲ ನಾನು ಇಲ್ಲೇ ಮುದುಕಿ ಆಗ್ಬೇಕಾ?"

ಹೊಸದನ್ನು ಹಾಕಿಕೊಡುತ್ತೇನೆಂದು ಹೇಳಿ ಆ ಚಿಟ್ಟೆಯನ್ನು ಎತ್ತಿಟ್ಟುಕೊಂಡೆ. ಎರಡು ವರ್ಷದ ಹಿಂದೆ ಚಾಲಕ ತೆಯೋಫಿಲೊನ ಕಾರು ಹೀಗೇ ನೆಗೆದು, ಕಾರು ಹತ್ತಲು ಸಾಲಿನಲ್ಲಿ ನಿಂತಿದ್ದ ಎವುಲಾಲಿಯಾಳ ಕಾಲನ್ನು ಜಜ್ಜಿತು. ಅದರ ಥ್ರಾಟಲ್ ಬಾಡಿಯನ್ನು ಸ್ವಚ್ಛ ಮಾಡಿ ಕೂರಿಸಿದ್ದು ನೀನೇ ಎಂದು, ನಿನ್ನ ಕೈಗೆ ಯಾರೂ ಕಾರು ಕೊಡಬಾರದೆಂದು ಚಾಲಕರ ಸಂಘ ತೀರ್ಮಾನಿಸಿತು. "ಇವನ ಕೈಗೆ ತಳ್ಳೋ ಗಾಡಿನೂ ಕೊಡಬೇಡ್ರಪ್ಪ" ಎಂದು ಅಧ್ಯಕ್ಷ ದೋನ್ ಮಕಾರಿಯೊ ನಗಿಸಿದ. ನೀನು ಊರು ಬಿಟ್ಟೆ. ಈಗ ಓರುರೊದಲ್ಲಿ ಪಂಕ್ಚರ್ ಹಾಕುತ್ತಿದ್ದೀಯಂತೆ.

ನೀನು ಆ ಲೇಪವನ್ನು ಉಜ್ಜುವವನಲ್ಲ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಹತ್ತು ಸಲ ತೆರೆದು ಮುಚ್ಚಿ ನೋಡಿದ ಮೇಲೇ ಕೂರಿಸುತ್ತಿದ್ದೆ. ಭಾನುವಾರ ಸಂಘದ ಸಭೆಯಿದೆ. ಸಬೀನಾಳ ಚಿಟ್ಟೆಯನ್ನು ಮೇಜಿನ ಮೇಲಿಟ್ಟು, ಲೇಪ ಉಜ್ಜಿಹೋದರೆ ಕಾರು ಹೇಗೆ ನೆಗೆಯುತ್ತದೆಂದು ತೋರಿಸಿ, ತೆಯೋಫಿಲೊನ ಕಾರು ಕೆಟ್ಟದ್ದು ನಿನ್ನ ಕೈಯಿಂದಲ್ಲ ಎಂದು ಹೇಳುತ್ತೇನೆ. ತೀರ್ಮಾನ ಹಿಂದಕ್ಕೆ ಪಡೆದರೆ ನೀನು ಮರಳಿ ಬರಬಹುದು. ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ.

ದೇವರೂ ಭೂತಾಯಿ ಪಚಮಾಮಾಳೂ ನಿನ್ನ ಮನೆಯನ್ನು ಕಾಯಲಿ.

ನಿನ್ನ
ಹಸಿಂತೊ

ತಾ. ಕ.: ಹಾಗಾದರೆ ಉಜ್ಜಿದವರು ಯಾರು ಎಂದು ಮಕಾರಿಯೊ ಕೇಳುತ್ತಾನೆ. ತೆಯೋಫಿಲೊನ ಕಾರು ಅಂಗಡಿಗೆ ಬಂದ ದಿನ ತಿಂಗಳ ಮೊದಲ ಶುಕ್ರವಾರ. ಪಚಮಾಮಾಗೆ ಕೋಆ ಧೂಪ ಹಾಕಲು ನೀನು ಕೆಂಡ ತರಲು ಹೋಗಿದ್ದೆ. ಧೂಪ ಏಳುವಾಗ ಅಂಗಡಿಯಲ್ಲಿ ಕೊಳೆ ಇರಬಾರದೆಂದು, ನೀನು ಒರೆಸಿಟ್ಟಿದ್ದ ಚಿಟ್ಟೆಯನ್ನು ನಾನು ಉಕ್ಕಿನ ಬ್ರಷ್ಷಿನಿಂದ ಬೆಳಗಿದೆ. "ಆ ಕಪ್ಪು ಉಂಗುರ ಕೊಳೆ ಅಲ್ಲ ಮಾರಾಯ, ಮುಟ್ಬೇಡ" ಎಂದು ನೀನು ಎಷ್ಟೋ ಸಲ ಹೇಳಿದ್ದೆ. ನೀನು ಬರುವಷ್ಟರಲ್ಲಿ ನಾನೇ ಕೂರಿಸಿ ಕಾರನ್ನು ಕಳಿಸಿಯಾಗಿತ್ತು. ಸಭೆಯಲ್ಲಿ "ಕೊನೆಗೆ ಮುಟ್ಟಿದ್ದು ಯಾರು?" ಎಂದಾಗ ನಾನು ನಿನ್ನ ಕಡೆ ನೋಡಿದೆ. ನಿನಗೆ ಗೊತ್ತಿತ್ತು, ಕಂಪಾದ್ರೆ. ಆದರೂ ಎಲ್ವೀರಾಳ ಅಪ್ಪನ ಹೆಸರು ನಿನ್ನ ಬಾಯಿಂದ ಬರಲಿಲ್ಲ. ಭಾನುವಾರ ಅದನ್ನು ನಾನೇ ಹೇಳುತ್ತೇನೆ.