ಅಪಘಾತಕ್ಕೆ ಕಾರಣಳೆಂದು ತಾವು ಬರೆದ ಅತ್ತೆಯಿಂದ

ಆಯಾಸ ನಿರ್ವಹಣಾ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಗಣಿಯಲ್ಲಿ ನನ್ನ ಅಳಿಯ ಓಡಿಸುತ್ತಿದ್ದ ಅದಿರಿನ ಲಾರಿ ರಸ್ತೆಯಂಚಿನ ಮಣ್ಣಿನ ಒಡ್ಡು ದಾಟಿ ಕೆಳಗೆ ಬಿತ್ತಲ್ಲ, ಅದಕ್ಕೆ ಕಾರಣ ನಾನು. ಇದು ನನ್ನ ಮಾತಲ್ಲ, ತಾವೇ ಸಹಿ ಹಾಕಿದ ತನಿಖಾ ವರದಿಯ ಮಾತು. ‘ಅತ್ತೆಯವರ ಅನಿರೀಕ್ಷಿತ ಆಗಮನದಿಂದ ಚಾಲಕನ ಮನಸ್ಸು ವಿಚಲಿತವಾಗಿದ್ದು, ಅಪಘಾತಕ್ಕೂ ಆಯಾಸಕ್ಕೂ ಯಾವುದೇ ಸಂಬಂಧವಿರುವುದಿಲ್ಲ’ ಎಂದು ಅಚ್ಚುಕಟ್ಟಾಗಿ ಬರೆದಿದ್ದೀರಿ. ಆ ಅತ್ತೆ ನಾನೇ. ಬಟ್ಟೆ ಹೊಲಿದು ಬದುಕುವವಳು. ಗಣಿಯನ್ನು ಚಿತ್ರದಲ್ಲಿ ಬಿಟ್ಟರೆ ಕಂಡವಳಲ್ಲ. ಅವತ್ತು ಆ ಹೊತ್ತಿನಲ್ಲಿ ನಮ್ಮೂರಿನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದೆ. ಆ ಕುರ್ಚಿಯಿಂದ ತಮ್ಮ ಗಣಿಗೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ಅಷ್ಟು ದೂರದಿಂದ ಉರುಳಿಸುವ ಶಕ್ತಿ ನನಗಿದ್ದಿದ್ದರೆ, ಮಾನ್ಯರೇ, ನಾನು ಮೊದಲು ಉರುಳಿಸುತ್ತಿದ್ದದ್ದು ಲಾರಿಯನ್ನಲ್ಲ.

ಹಾಗಾದರೆ ಗಣಿಗೆ ಬಂದ ಅತ್ತೆ ಯಾರು? ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ. ತಮ್ಮ ಹುದ್ದೆಯ ಹೆಸರಿನಲ್ಲೇ ಆಯಾಸವಿದೆ, ಆದರೆ ಅದು ತಮ್ಮ ಮೈಗೆ ತಾಗಿದಂತೆ ಕಾಣುವುದಿಲ್ಲ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವರು ಮಲಗುವುದು ತಗಡಿನ ಡಬ್ಬಿಯಂಥ ಕೋಣೆಗಳಲ್ಲಿ. ಗೋಡೆಯಾಚೆ ಜನರೇಟರ್ ಗುಡುಗುತ್ತಿರುತ್ತದೆ. ಒಬ್ಬನ ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಇನ್ನೊಂದು ಪಾಳಿಯವನು ಎದ್ದು ಬಾಗಿಲು ಬಡಿದು ಹೋಗುತ್ತಾನೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ತಮ್ಮ ಕ್ಯಾಂಪಿನಲ್ಲಿ ಚಿಂತೆಯೂ ಇದೆ, ಸಂತೆಯೂ ಇದೆ, ನಿದ್ದೆಯೊಂದೇ ಇಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಅಳಿಯ ಬಂದ ಅಂದರೆ ಮಲಗಿದ ಎಂದೇ ಅರ್ಥ. ಒಂದು ಸಲ ಹೊಸ್ತಿಲ ಹತ್ತಿರ ಒಂದು ಬೂಟು ಬಿಚ್ಚಿ, ಇನ್ನೊಂದರ ಲೇಸು ಹಿಡಿದುಕೊಂಡೇ ಗೊರಕೆ ಹೊಡೆದಿದ್ದ. ಮೊಮ್ಮಗಳು ಅವನ ಸುತ್ತ ಸೀಮೆಸುಣ್ಣದ ಗೆರೆ ಎಳೆದು ‘ಅಪ್ಪ ಇದ್ದಾರೆ, ತುಳಿಯಬೇಡಿ’ ಎಂದು ಬರೆದಿದ್ದಳು. ಮನುಷ್ಯರನ್ನು ತುಳಿಯಬಾರದು ಎನ್ನುವುದು ಅವಳಿಗೆ ಅಷ್ಟು ಚಿಕ್ಕ ವಯಸ್ಸಿಗೇ ಗೊತ್ತಿತ್ತು.

ತಮ್ಮ ನಿಯಮವೇನೋ ಬಂಗಾರದಂಥದ್ದು. ಆಯಾಸವಾದರೆ ಯಾರೇ ಆಗಲಿ ರೇಡಿಯೋದಲ್ಲಿ ಹೇಳಿ ಲಾರಿ ನಿಲ್ಲಿಸಬಹುದು, ಯಾರೂ ಏಕೆಂದು ಕೇಳುವುದಿಲ್ಲ ಎಂದು ಕ್ಯಾಂಟೀನಿನ ಗೋಡೆಯ ಮೇಲೆ ಬರೆಸಿದ್ದೀರಿ. ಅದನ್ನು ನಂಬಿದವನು ಒಬ್ಬನೇ. ನಿದ್ದೆ ಬರುತ್ತಿದೆ ಎಂದು ಹೇಳಿ ಲಾರಿ ನಿಲ್ಲಿಸಿದ. ಅವನನ್ನು ವಿಶ್ರಾಂತಿಗೆಂದು ಊರಿಗೆ ಕಳುಹಿಸಿದಿರಿ. ವಾಪಸು ಕರೆಸುವುದನ್ನು ಮರೆತಿರಿ. ಉಳಿದವರು ಅವನಿಗೆ ಸತ್ಯಣ್ಣ ಎಂದು ಹೆಸರಿಟ್ಟು, ತಮ್ಮ ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ ಗಣಿಯಲ್ಲಿ ನಿದ್ದೆ ಎಂಬ ಮಾತೇ ಇಲ್ಲ. ತಾವು ವೇದಿಕೆ ಹತ್ತಿ, ಇಡೀ ವರ್ಷ ಆಯಾಸದ ಒಂದೇ ಒಂದು ದೂರು ಬಂದಿಲ್ಲವೆಂದು ಹೇಳಿ ಪ್ರಶಸ್ತಿಯ ಗಾಜಿನ ಫಲಕ ಇಸಿದುಕೊಂಡಿರಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಬಹಳ ಕಂಡಿದ್ದೇನೆ, ಅದಕ್ಕೆ ಫಲಕ ಕೊಟ್ಟವರನ್ನು ಕಂಡದ್ದು ಇದೇ ಮೊದಲು.

ಮಾತನ್ನು ಓಡಿಸಿದರೆ ನಿದ್ದೆಯೂ ಹೆದರಿ ಓಡುತ್ತದೆಯೇ? ಚಾಲಕರು ಅದಕ್ಕೆ ಬೇರೆ ಹೆಸರು ಹುಡುಕಿಕೊಂಡರು: ಅತ್ತೆ. ಅತ್ತೆ ಎದುರಿಗಿದ್ದರೆ ಅಳಿಯನಾದವನು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರಳಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಲ್ಲ, ಅದಕ್ಕೆ. ಯಾರಾದರೂ ‘ಅತ್ತೆ ಬಂದ್ರು’ ಎಂದರೆ ಹಿಂದಿನ ಲಾರಿಯವರು ಅವನನ್ನು ಮಾತಿಗೆಳೆಯಬೇಕು, ಬೈಯಬೇಕು, ನಗಿಸಬೇಕು, ಲಾರಿ ನಿಲ್ಲಿಸಿ ಮುಖ ತೊಳೆಯುವ ಜಾಗ ಸಿಗುವವರೆಗೆ ಬಿಡಬಾರದು. ಇದರಲ್ಲಿ ಎತ್ತಿದ ಕೈ ಒಬ್ಬ ಹಿರಿಯ ಚಾಲಕರದು. ಎಲ್ಲರೂ ಅವರನ್ನು ರೇಡಿಯೋ ಮಾವ ಅನ್ನುತ್ತಾರೆ. ತಮ್ಮ ಕೈಪಿಡಿ ಓದಿ ಬದುಕಿದವರಿಗಿಂತ ಅವರ ಹಾಳು ಜೋಕು ಕೇಳಿ ಬದುಕಿದವರೇ ಹೆಚ್ಚು. ತಾವು ಅದನ್ನೂ ಉಳಿಸಲಿಲ್ಲ. ಹರಟೆಯಿಂದ ಗಮನ ಕೆಡುತ್ತದೆಂದು ರೇಡಿಯೋದಲ್ಲಿ ಕೆಲಸದ ಮಾತು ಬಿಟ್ಟು ಬೇರೆಲ್ಲವನ್ನೂ ನಿಷೇಧಿಸಿದಿರಿ. ಗಣಿಯಲ್ಲಿದ್ದ ಕಂಟ್ರೋಲ್ ರೂಮನ್ನು, ಅಲ್ಲಿ ಧೂಳು ಹೆಚ್ಚೆಂದು, ನಗರದ ತಮ್ಮ ಕಚೇರಿಗೆ ಎತ್ತಿಕೊಂಡು ಹೋದಿರಿ.

ಅಪಘಾತದ ಮಧ್ಯಾಹ್ನ ಅಲ್ಲಿ ಕೂತಿದ್ದವನು ಹೊಸಬ. ಅಳಿಯ ರೇಡಿಯೋದಲ್ಲಿ ಅಂಗಲಾಚಿದ: ‘ಅತ್ತೆ ಬಂದಿದ್ದಾರೆ. ಯಾರಾದ್ರೂ ಮಾತಾಡ್ರಪ್ಪ.’ ರೇಡಿಯೋ ಮಾವ ಬಾಯಿ ತೆರೆಯುವಷ್ಟರಲ್ಲಿ ಹೊಸಬನ ದನಿ ಅಡ್ಡ ಬಂತು: ‘ಹೊರಗಿನವರನ್ನ ಒಳಗೆ ಬಿಡೋ ಹಾಗಿಲ್ಲ. ಅವರನ್ನ ಗೇಟಲ್ಲೇ ಕೂರಿಸ್ತೀವಿ, ನೀವು ಕೆಲಸ ಮುಂದುವರಿಸಿ. ಉಳಿದವರು ಲೈನ್ ಬಿಡಿ.’ ಮಾವ ಆದರೂ ಕೂಗಿದರು. ಅವರ ದನಿ ಯಾರಿಗೂ ಕೇಳದಂತೆ ಹೊಸಬ ಕಂಟ್ರೋಲ್ ರೂಮಿನಿಂದಲೇ ಬಂದ್ ಮಾಡಿದ. ಗೇಟಿನ ಕಾವಲುಗಾರ ಒಂದು ಕುರ್ಚಿ ಹಾಕಿ, ನೀರು ಹಿಡಿದುಕೊಂಡು, ಬಾರದ ಮುದುಕಿಯನ್ನು ಬಿಸಿಲಲ್ಲಿ ಹುಡುಕುತ್ತಿದ್ದಾಗ ಲಾರಿ ಒಡ್ಡು ಹತ್ತಿ ಮಗುಚಿತು. ಆ ಕಾವಲುಗಾರನಿಗೆ ನನ್ನ ನಮಸ್ಕಾರ ತಿಳಿಸಿ. ಇಡೀ ಸಂಸ್ಥೆಯಲ್ಲಿ ನನಗೆ ಮರ್ಯಾದೆ ಕೊಟ್ಟವನು ಅವನೊಬ್ಬನೇ. ಅಳಿಯನ ಸೊಂಟದ ಮೂಳೆ ಪುಡಿಯಾಗಿದೆ. ಇನ್ನು ಊರುಗೋಲಿಲ್ಲದೆ ನಡೆಯುವುದು ಅನುಮಾನ ಎಂದಿದ್ದಾರೆ.

ತಾವು ಆಸ್ಪತ್ರೆಗೂ ಬಂದಿರಿ. ಕೈಯಲ್ಲೊಂದು ಉಡುಗೊರೆ: ಸಂಸ್ಥೆಯ ಗುರುತು ಹಾಕಿದ ದಿಂಬು. ನಿದ್ದೆಗೆಟ್ಟವನಿಗೆ ದಿಂಬು ತರುವ ಬುದ್ಧಿ ಯಾರಿಗೆ ಬರುತ್ತದೆ? ಅದರ ಹೊಲಿಗೆಯೂ ಕೆಟ್ಟದಾಗಿತ್ತು, ಹೇಳದಿದ್ದರೆ ನನ್ನ ಕಸುಬಿಗೆ ದ್ರೋಹ. ಮಂಚದ ಪಕ್ಕ ನಿಂತಿದ್ದ ನನ್ನನ್ನು ಎಷ್ಟು ಮೆತ್ತಗೆ ಕೇಳಿದಿರಿ, ‘ನೀವು ಯಾವಾಗ ಬಂದ್ರಿ ಅಮ್ಮ?’ ಎಂದು. ಆಸ್ಪತ್ರೆಗೆ ಬಂದದ್ದನ್ನು ಕೇಳುತ್ತಿದ್ದೀರಿ ಎಂದುಕೊಂಡು ನಾನು ಬಾಯಿಬಿಟ್ಟೆ: ‘ಬೆಳಿಗ್ಗೇನೇ ಬಂದೆ ಸ್ವಾಮಿ, ಯಾರಿಗೂ ಹೇಳದೆ ಕೇಳದೆ ಹೊರಟುಬಿಟ್ಟೆ.’ ಯಾವ ದಿನದ ಬೆಳಿಗ್ಗೆ, ಎಲ್ಲಿಗೆ ಎಂದು ತಾವು ಮುಂದೆ ಕೇಳಲಿಲ್ಲ. ‘ಪೂರ್ವಸೂಚನೆಯಿಲ್ಲದೆ ಬಂದುದನ್ನು ಅತ್ತೆಯವರು ಸ್ವತಃ ಒಪ್ಪಿಕೊಂಡಿರುತ್ತಾರೆ’ ಎಂಬುದು ವರದಿಯ ಮುಂದಿನ ವಾಕ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಎಮ್ಮೆಯ ಕೈಯಲ್ಲೇ ಒಪ್ಪಿಗೆ ಪಡೆದು ಬರೆ ಹಾಕುವ ವಿದ್ಯೆ ತಮ್ಮದು.

ವರದಿ ಓದಿದವಳೇ ಅಳಿಯನ ಮೇಲೆ ಹರಿಹಾಯ್ದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕೊನೆಗೆ ಆಸ್ಪತ್ರೆಯ ವರಾಂಡದಲ್ಲಿ ರೇಡಿಯೋ ಮಾವ, ನನ್ನ ಮುಖ ನೋಡಲಾಗದೆ, ಅತ್ತೆ ಎಂದರೆ ಏನೆಂದು ಬಿಡಿಸಿ ಹೇಳಿದರು. ಅಳಿಯ ನಿಜ ಹೇಳಿದರೆ, ಆ ಪದ ಬಳಸಿದವರೆಲ್ಲ ನಿದ್ದೆ ಮುಚ್ಚಿಟ್ಟವರಾಗುತ್ತಾರೆ. ಎಲ್ಲರೂ ಸತ್ಯಣ್ಣನ ದಾರಿ ಹಿಡಿಯಬೇಕು. ಅದಕ್ಕೇ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಸುಮ್ಮನಿದ್ದಾನೆ. ಈ ವರದಿ ಅಂತಿಮವಾದರೆ, ಮನೆಯ ರಗಳೆ ತಲೆಗೆ ಹಚ್ಚಿಕೊಂಡು ಲಾರಿ ಉರುಳಿಸಿದವನು ಎಂಬ ಹಣೆಪಟ್ಟಿ ಸಾಯುವವರೆಗೆ ಅವನದು. ಚಾಲಕರು ಅತ್ತೆಯ ಹೆಸರು ಬಳಸಿದ್ದಕ್ಕೆ ನನಗೆ ಬೇಸರವಿಲ್ಲ. ಅಷ್ಟು ಜನ ಗಂಡಸರನ್ನು ಎಚ್ಚರವಾಗಿಟ್ಟಿತಲ್ಲ ಎಂದು ಹೆಮ್ಮೆಯೇ ಆಯಿತು. ಸಿಟ್ಟು ಇರುವುದು ತಮ್ಮ ಮೇಲೆ, ಮತ್ತು ಅದು ಆರುವ ಸಿಟ್ಟಲ್ಲ.

ಗುಟ್ಟನ್ನು ಮುದುಕಿಯೇ ರಟ್ಟು ಮಾಡಿದಳು, ಇನ್ನು ಎಲ್ಲರನ್ನೂ ಹಿಡಿಯಬಹುದು ಎಂದು ಹಿಗ್ಗಬೇಡಿ. ಚಾಲಕರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರು ಒಟ್ಟಾಗಿ ಕೂತು ಮಾತಾಡಿದರಂತೆ. ರೇಡಿಯೋ ಮಾವ ನನಗೆ ಹೇಳಿದ್ದು ಇಷ್ಟು: ‘ಬರೀರಿ ಅಮ್ಮ. ಅವನೊಬ್ಬನೇ ಯಾಕೆ ಹೊರಬೇಕು?’

ಆದ್ದರಿಂದ ನನ್ನ ಬೇಡಿಕೆ. ಬೇಡಿಕೆ ಎನ್ನುವುದು ಮರ್ಯಾದೆಯ ಮಾತು. ವರದಿಯಿಂದ ಅತ್ತೆಯನ್ನು ತೆಗೆದು ಆ ಜಾಗದಲ್ಲಿ ನಿದ್ದೆ ಎಂದು ಬರೆಯಿರಿ, ಅದರ ಕೆಳಗೆ ತಾವೇ ಸಹಿ ಹಾಕಿ. ಇಲ್ಲವಾದರೆ ಬರುವ ಸೋಮವಾರ ಹಗಲು ಪಾಳಿಯಲ್ಲಿ ಕಂಟ್ರೋಲ್ ರೂಮಿನಲ್ಲಿ ಖುದ್ದು ಕೂರಿ; ಆ ಹೊಸಬನನ್ನು ಕೂರಿಸಬೇಡಿ, ಪಾಪ. ಮೊದಲು ರೇಡಿಯೋ ಮಾವ, ಆಮೇಲೆ ಅವರ ಹಿಂದಿನವರು, ಆಮೇಲೆ ಅವರ ಹಿಂದಿನವರು, ಒಬ್ಬೊಬ್ಬರಾಗಿ ತಮ್ಮ ಕಿವಿಗೇ ಹೇಳುತ್ತಾರೆ: ‘ನಿದ್ದೆ ಬರ್ತಿದೆ, ಲಾರಿ ನಿಲ್ಲಿಸ್ತಿದ್ದೀನಿ.’ ಗೋಡೆಯ ಮೇಲಿನ ತಮ್ಮದೇ ನಿಯಮ, ಅಕ್ಷರಶಃ ಪಾಲನೆ. ಗಣಿಯ ತುಂಬ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಆಗ ಅವರೆಲ್ಲರನ್ನೂ ವಿಶ್ರಾಂತಿಗೆ ಊರಿಗೆ ಕಳುಹಿಸಿ. ಆಮೇಲೆ ಒಂದು ಲಾರಿಯ ಕೀಲಿ ತೆಗೆದುಕೊಂಡು, ಆ ಬಿಸಿಲಲ್ಲಿ, ಆ ರಸ್ತೆಯಲ್ಲಿ, ಪಾಳಿ ಮುಗಿಯುವವರೆಗೆ ತಾವೇ ಓಡಿಸಿ. ತಮ್ಮ ರೆಪ್ಪೆ ಮುಚ್ಚಿಕೊಳ್ಳುವ ಹೊತ್ತಿಗೆ ರೇಡಿಯೋದಲ್ಲಿ ತಮ್ಮನ್ನು ಮಾತಾಡಿಸಲು ಒಬ್ಬರೂ ಇರುವುದಿಲ್ಲ.

ಇಂತಿ,
ವಯಸ್ಸಾದಂತೆ ಕ್ಷಮಿಸುವ ಗುಣ ತಾನಾಗಿ ಬರುತ್ತದೆಂದು ನಂಬಿ ಮೋಸಹೋದ
ಒಬ್ಬ ದರ್ಜಿ ಹೆಂಗಸು