ಬಿಳಿ ಇಲಿಯ ಬೆನ್ನಿನ ಕಪ್ಪು ತೇಪೆ

ಹಂಪಾಪುರದ ಮನೆಯ ಸರ್ವಾಧಿಕಾರಿ ಅಜ್ಜಿಗೆ ಚೆನ್ನೈ ಆಸ್ಪತ್ರೆಯಿಂದ ಸಾಷ್ಟಾಂಗ ನಮಸ್ಕಾರ.

ಡಾಕ್ಟರ ಕೋಣೆಯಲ್ಲಿ ಒಂದು ಬಿಳಿ ಇಲಿಯ ಫೋಟೊ ಇದೆ. ಅದರ ಬೆನ್ನಿಗೆ ಕಪ್ಪು ಇಲಿಯ ಚರ್ಮವನ್ನು ತೇಪೆ ಹಾಕಿದ್ದಾರೆ, ಅದರಲ್ಲಿ ಕಪ್ಪು ಕೂದಲೂ ಬಂದಿದೆ! ಎರಡೂ ಇಲಿಗಳ ಕೆಲವು ಜೀನ್‌ಗಳು ಹೊಂದಿದರೆ ಮಾತ್ರ ತೇಪೆ ನಿಲ್ಲುತ್ತದಂತೆ, ಇಲ್ಲದಿದ್ದರೆ ಉದುರುತ್ತದಂತೆ. ರೂಪಶ್ರೀ ಅಕ್ಕನಿಗೆ ನಾನು ಕೊಡುವ ಕಿಡ್ನಿಗೂ ಅದೇ ಕಾನೂನು.

"ನಿನ್ನ ತೌಡು ಕೊಟ್ಟು ತಂದಿದ್ದು ಕಣ್ಲಾ" ಎಂದು ನೀನು ರೇಗಿಸುತ್ತಿದ್ದೆಯಲ್ಲ, ರಿಪೋರ್ಟ್ ಬರುವವರೆಗೂ ಅದೇ ನೆನಪಾಗಿ ಹೆದರಿದ್ದೆ. ಇವತ್ತು ಬಂತು, ಪೂರ್ತಿ ಹೊಂದಿದೆ! "ನಮ್ಮೋನೇ ಕಣ್ಲಾ ನೀನು" ಎಂದು ಅಕ್ಕ ನಗುತ್ತಲೇ ಅತ್ತಳು.

ಸೋಮವಾರ ಆಪರೇಷನ್. ಇಬ್ಬರೂ ಚೆನ್ನಾಗಿ ಉಣ್ಣುತ್ತಿದ್ದೇವೆ. ಆ ತೌಡನ್ನು ಕೂಡಲೇ ವಾಪಸ್ ಈಸಿಕೊಂಡು ಹಸುವಿಗೆ ಹಾಕತಕ್ಕದ್ದು.

ನಿನ್ನ ಸ್ವಂತ ಮೊಮ್ಮಗ,
ಚೆಲುವರಾಜು