ಮೆಟ್ಟಿಲಿನ ಬಲ್ಬಿಗೆ ಬದಲು ಟಾರ್ಚು

ಮನೆ ಓನರ್ ಸಾಹೇಬರಿಗೆ, ಮೂರನೇ ಮಹಡಿಯ ಮುದುಕನ ನಮಸ್ಕಾರ.

ಮೆಟ್ಟಿಲಿಗೆ ಬಲ್ಬು ಹಾಕಿಸಿ ಅಂದಿದ್ದಕ್ಕೆ ನೀವು ಕಳಿಸಿದ ಅಗ್ಗದ ಎಲ್‌ಇಡಿ ಟಾರ್ಚು ತಲುಪಿತು. ಪರೀಕ್ಷೆ ಮಾಡಿದೆ. ಜೇನುಗೂಡಿನ ಹಾಗೆ ಮೂತಿ ತುಂಬಾ ದೀಪ. ಬೆಳಕಿಗೇನೂ ಮೋಸವಿಲ್ಲ. ಅಡುಗೆಮನೆಯ ಜಿರಳೆಗಳೆಲ್ಲ ಕಂಡವು, ನೀವು ರಿಪೇರಿ ಮಾಡಿಸದ ಮೆಟ್ಟಿಲೂ ಚೆನ್ನಾಗಿ ಕಂಡಿತು.

ಆದರೆ ನಮ್ಮಕ್ಕ ಒಂದು ಕೈಲಿ ಊರುಗೋಲು, ಇನ್ನೊಂದು ಕೈಲಿ ಕಂಬಿ ಹಿಡಿದು ಇಳಿಯುವವಳು. ಟಾರ್ಚನ್ನೇನು ಬೊಚ್ಚುಬಾಯಲ್ಲಿ ಕಚ್ಚಿಕೊಳ್ಳಬೇಕಾ? ಹೋದ ವಾರ ಜಾರಿ ಬಿದ್ದ ಮೇಲೆ ಅವಳು ಹೊಸ್ತಿಲು ದಾಟಿಲ್ಲ. ಸಂಜೆ ಕೆಳಗೆ ಹೋಗಿ ಹರಟೆ ಹೊಡೆಯುವುದೇ ಅವಳ ಜೀವ. ಈಗ ಕಿಟಕಿಯಿಂದ ಕೂಗಿ ಕೂಗಿ ಗಂಟಲು ಕಟ್ಟಿದೆ.

ಟಾರ್ಚು ವಾಪಸು ಕಳಿಸಿದ್ದೇನೆ. ಬಲ್ಬು ಹಾಕಿಸಿ. ಇಲ್ಲವಾದರೆ ದಿನಾ ಸಂಜೆ ನೀವೇ ಬಂದು, ಟಾರ್ಚು ಹಿಡಿದು ಅಕ್ಕನ ಮುಂದೆ ಮುಂದೆ ಇಳಿಯಿರಿ. ಮೂರು ಮಹಡಿ ಇಳಿಯುವವರೆಗೂ ನಿಮ್ಮನ್ನು ಬೈಯುತ್ತಾಳೆ. ಅವಳ ಬಾಯಿ ನನ್ನದಕ್ಕಿಂತ ಜೋರು.

ಇತಿ,
ಅವಳ ತಮ್ಮ